ನಮ್ಮ ಕಾಲದಲ್ಲಿ 35ಕ್ಕೆ ಪಾಸು, ಮೇಷ್ಟ್ರೇ

"ಆ 'ಗಿಲ್ಟ್ ಟ್ರಿಪ್' ಸಿನಿಮಾನ ಪೂರ್ತಿ ನೋಡಿದೆಯಾ? ನೂರಕ್ಕೆ ನಲವತ್ತೂ ಬಂದಿಲ್ಲ ಕಣಯ್ಯಾ ಅದಕ್ಕೆ!" ಎಂದರು ಮೇಷ್ಟ್ರು, ನಾನೇನೋ ಹಳಸಿದ ಸಾಂಬಾರು ಸುರಿದುಕೊಂಡು ಉಂಡವನ ಹಾಗೆ ನೋಡುತ್ತಾ.

ರಿಟೈರ್ ಆದರೂ ಪೇಪರ್ ತಿದ್ದುವ ಚಟ ಇವರಿಗೆ ಹೋಗಿಲ್ಲ. ಯಾವ ಸಿನಿಮಾ ಹೆಸರೆತ್ತಿದರೂ ಮೊಬೈಲ್ ತೆಗೆದು ರಾಟನ್ ಟೊಮ್ಯಾಟೋಸ್ ಅನ್ನೋ ಸಿನಿಮಾ ವಿಮರ್ಶೆಯ ವೆಬ್‌ಸೈಟಿನಲ್ಲಿ ಅಂಕ ಹುಡುಕುತ್ತಾರೆ.

"ನಮ್ಮ ಕಾಲದಲ್ಲಿ 35 ಬಂದರೆ ಪಾಸು ಅಲ್ವಾ ಮೇಷ್ಟ್ರೇ?" ಎಂದ ಗುಂಡ, ಬೈಟು ಕಾಫಿಯ ತುಂಬಿದ ಲೋಟವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳುತ್ತಾ. ಅವನು ಆ ನಂಬರನ್ನು ತುಂಬಾ ಹತ್ತಿರದಿಂದ ಬಲ್ಲವನು.

ಮಾತು ನಡೆದಿದ್ದು 2012ರ 'ದಿ ಗಿಲ್ಟ್ ಟ್ರಿಪ್' ಬಗ್ಗೆ. ಬಾರ್ಬರಾ ಸ್ಟ್ರೈಸಾಂಡ್ ಅಮ್ಮ, ಸೇಥ್ ರೋಗನ್ ಮಗ. ಮಗ ಕೆಮಿಸ್ಟ್. ತೆಂಗು, ತಾಳೆ, ಸೋಯಾ ಎಣ್ಣೆಗಳಿಂದ ಮನೆ ಒರೆಸುವ ಕ್ಲೀನರ್ ಕಂಡುಹಿಡಿದು, ಅದನ್ನು ಮಾರಲು ನ್ಯೂಜೆರ್ಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಚಿಕ್ಕದೊಂದು ಬಾಡಿಗೆ ಕಾರಲ್ಲಿ ಹೊರಡುತ್ತಾನೆ. ಪಕ್ಕದ ಸೀಟಲ್ಲಿ ಅಮ್ಮ. ಅವಳ ಹಳೇ ಪ್ರೇಮಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇರುವ ಸುಳಿವನ್ನು ಮಗ ಗುಟ್ಟಾಗಿ ಪತ್ತೆ ಮಾಡಿದ್ದಾನೆ. ಆ ಪ್ರೇಮಿಯ ಹೆಸರನ್ನೇ ಅಮ್ಮ ಇವನಿಗೆ ಇಟ್ಟಿದ್ದು ಬೇರೆ.

"ಅಪ್ಪನಿಗೆ ಗೊತ್ತಿತ್ತಾ?" ಎಂದ ಗುಂಡ.

"ಅಪ್ಪ ಯಾವತ್ತೋ ತೀರಿಕೊಂಡಿದ್ದಾನೆ."

"ಬಚಾವಾದ."

ಮೇಷ್ಟ್ರು ಬಿಡಲಿಲ್ಲ. "ಕಥೆ ಇಲ್ಲ, ತಿರುವಿಲ್ಲ. ಆಸ್ಕರ್ ಗೆದ್ದ ಹೆಂಗಸು, 16 ವರ್ಷ ಆದಮೇಲೆ ದೊಡ್ಡ ಪಾತ್ರಕ್ಕೆ ಬಂದರೆ, ಕೆಟ್ಟ ನಟನೆಗೆ ಕೊಡೋ ರಾಝಿ ಪಟ್ಟಿಯಲ್ಲಿ ಹೆಸರು ಹಾಕಿದಾರೆ, ನೋಡು!"

"ಮೇಷ್ಟ್ರೇ, ಕಾರಲ್ಲಿ ಅಮ್ಮನನ್ನ ಪಕ್ಕ ಕೂರಿಸಿಕೊಂಡು ಹೋಗೋದೇ ಒಂದು ಕಥೆ" ಎಂದೆ. ಹೋದ ವರ್ಷ ಧರ್ಮಸ್ಥಳಕ್ಕೆ ಹೊರಟಾಗ ಶಿರಾಡಿ ಘಾಟಿಯ ಪ್ರತಿ ತಿರುವಿನಲ್ಲೂ ನಮ್ಮಮ್ಮ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದರು. ಲಾರಿ ಬಂದರೆ 'ಅಪ್ಪಾ ಮಂಜುನಾಥ'. ನಾನು ಹಾರ್ನ್ ಹೊಡೆದರೆ 'ಪಾಪ, ಅವನಿಗೂ ಅಮ್ಮ ಇರ್ತಾಳೆ ಕಣೋ'. ಇದರಲ್ಲಿ ತಿರುವಿಲ್ಲ ಅನ್ನೋರು ಘಾಟಿ ನೋಡಿಲ್ಲ ಅಷ್ಟೇ.

ಸಿನಿಮಾ ಬರೆದ ಡ್ಯಾನ್ ಫೋಗಲ್‌ಮನ್ ಕೂಡ ತನ್ನ ಅಮ್ಮನ ಜೊತೆ ನಿಜವಾಗಿ ಇಂಥದ್ದೇ ಪ್ರವಾಸ ಹೋಗಿಬಂದವನು. ಅದಕ್ಕೇ ಇರಬೇಕು, ಜಗಳಗಳು ಅಷ್ಟು ಸಣ್ಣವು. ಕ್ಲೀನರ್‌ಗೆ ಇಟ್ಟ ಹೆಸರು ಯಾರಿಗೂ ಅರ್ಥವಾಗಲ್ಲ ಅಂತ ಅಮ್ಮ ಹೇಳುತ್ತಾಳೆ. ಮಗ ಕೇಳಲ್ಲ. ಅಂಗಡಿಯವರ ಮುಂದೆ ನಿಂತು ಕೆಮಿಸ್ಟ್ರಿ ಪಾಠ ಮಾಡುತ್ತಾನೆ, ಅವರು ಆಕಳಿಸುತ್ತಾರೆ.

"ಪಾಠ ಮಾಡಿದರೆ ಆಕಳಿಸೋದಾ?" ಎಂದರು ಮೇಷ್ಟ್ರು, ಸ್ವಲ್ಪ ಬೇಜಾರಾಗಿ.

ನನಗೆ ಜಾಸ್ತಿ ಹಿಡಿಸಿದ್ದು ಟೆಕ್ಸಾಸ್ ಹೋಟೆಲಿನ ಪಂಥ. 50 ಔನ್ಸ್ ಸ್ಟೇಕ್, ಅಂದರೆ ಹೆಚ್ಚುಕಮ್ಮಿ ಒಂದು ಕಿಲೋ ನಾನೂರು ಗ್ರಾಂ ದನದ ಮಾಂಸ, ಒಂದು ಗಂಟೆಯಲ್ಲಿ ಮುಗಿಸಿದರೆ ಬಿಲ್ ಇಲ್ಲ. ಪುಕ್ಕಟೆ ಅಂದಮೇಲೆ ಅಮ್ಮ ಬಿಡುತ್ತಾಳಾ? ಕೂತೇ ಬಿಡುತ್ತಾಳೆ. ಸುತ್ತ ಜನ ಹುರಿದುಂಬಿಸುತ್ತಾರೆ, ಟೋಪಿ ಹಾಕಿಕೊಂಡ ಒಬ್ಬ ಸ್ಥಳೀಯ ಪಕ್ಕದಲ್ಲಿ ಕೂತು ಉಪಾಯ ಹೇಳಿಕೊಡುತ್ತಾನೆ. ಸಿನಿಮಾ ತೆರೆಗೆ ಬಂದಾಗ ಸ್ಟ್ರೈಸಾಂಡ್‌ಗೆ 70 ವರ್ಷ. ಆ ಹಟ, ಆ ಅಗಿತ ನೋಡಿ ನಾನು ಸೋಫಾದಿಂದ ಜಾರಿದೆ.

ಒಪ್ಪುತ್ತೇನೆ, ನಡುವೆ ಒಂದಿಷ್ಟು ಸಪ್ಪೆ ಇದೆ. ಸಪ್ಪೆ ಇದ್ದಲ್ಲಿ ಉಪ್ಪಿನಕಾಯಿ ನೆಂಚಿಕೊಳ್ಳೋಣ.

"ನಿಮ್ಮಮ್ಮನಿಗೆ ತೋರಿಸಿದೆಯಾ?" ಎಂದ ಗುಂಡ.

ತೋರಿಸಿದ್ದೆ. ಸ್ಟೇಕ್ ದೃಶ್ಯವನ್ನು ಮೂಗಿಗೆ ಸೆರಗು ಒತ್ತಿಕೊಂಡೇ ಪೂರ್ತಿ ನೋಡಿದರು. ಸಿನಿಮಾ ಮುಗಿದ ಮೇಲೆ ಹಳೇ ಪ್ರೇಮಿ ಬಗ್ಗೆ ಒಂದು ಮಾತಿಲ್ಲ. ದೀಪ ಆರಿಸಲು ಎದ್ದವರು ಬಾಗಿಲ ಹತ್ತಿರ ನಿಂತು ಕೇಳಿದರು:

"ಅಷ್ಟು ತಿಂದಳಲ್ಲೋ, ಮೇಲೆ ಒಂದು ಲೋಟ ಮಜ್ಜಿಗೆಯಾದರೂ ಕೊಡಬಾರದಿತ್ತಾ ಆ ಹುಡುಗ?"