ಸೀಸೆ ಮೂಸಿದರೆ ತಲೆನೋವು, ಎಲೆ ಮೂಸಿದರೆ ಇಲ್ಲ, ಯಾಕೆ?

ಪ್ರಶ್ನೆ (ಸಾಗರದಿಂದ): ಅಡಿಕೆ ಕೊಯ್ಲು ಮುಗಿದು ಸ್ವಲ್ಪ ಬಿಡುವಾಗಿದೆ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ, ಶ್ರೀಗಂಧದ ಎಣ್ಣೆ ಒಂದೊಂದು ಸೀಸೆ ತಂದೆ. ಕಣ್ಣು ಮುಚ್ಚಿ ನಿಧಾನಕ್ಕೆ ಮೂಸಿದರೆ ಮನಸ್ಸು ಹಗುರವಾಗುತ್ತದೆ ಅಂತ ಕೇಳಿದ್ದೆ. ಐದು ನಿಮಿಷಕ್ಕೆ ತಲೆ ಹಿಡಿಯಿತು, ಗಂಧದ ಪರಿಮಳವಂತೂ ಬರಲೇ ಇಲ್ಲ. ಅಂಗಳದ ಹುಲ್ಲು ಮೂಸಿದರೆ ಏನೂ ಆಗಲ್ಲ. ಎಣ್ಣೆ ಕಲಬೆರಕೆನಾ? ನೀವು ಎಣ್ಣೆ ಭಟ್ಟಿ ಇಳಿಸುವವರು, ಹೇಳಿ.

ಉತ್ತರ: ಕಲಬೆರಕೆ ಅಂತ ಇಷ್ಟರಿಂದಲೇ ಹೇಳಲು ಬರುವುದಿಲ್ಲ. ಆದರೆ ಸೀಸೆಯನ್ನೇ ಮೂಗಿಗೆ ಹಿಡಿದಿದ್ದೀರಿ ಅಲ್ವಾ? ನಾವು 100 ಕೆಜಿ ಹಸಿ ಹುಲ್ಲು ಹಂಡೆಗೆ ತುಂಬಿ ಹಬೆ ಹಾಯಿಸಿದರೆ ಸಿಗುವುದು ಅರ್ಧ ಕೆಜಿ ಆಸುಪಾಸು ಎಣ್ಣೆ. ಅಂದರೆ ನಿಮ್ಮ 10 ಮಿಲಿ ಸೀಸೆಯಲ್ಲಿ ಸುಮಾರು 2 ಕೆಜಿ ಹುಲ್ಲು ಕೂತಿದೆ. ಅಷ್ಟನ್ನೂ ಒಟ್ಟಿಗೆ ಮೂಗಿಗೆ ತುರುಕಿದರೆ ತಲೆ ಹಿಡಿಯದೆ ಇನ್ನೇನು?

ಒಂದು ಹನಿಯನ್ನು ಕಾಗದದ ಪಟ್ಟಿಗೆ ಹಾಕಿ, ಒಂದು ನಿಮಿಷ ಬಿಡಿ. ಮೂಗಿನಿಂದ ಗೇಣುದ್ದ ದೂರ ಹಿಡಿದು ಸಣ್ಣದಾಗಿ ಎರಡು ಸಲ ಎಳೆಯಿರಿ, ಸಾಕು. ಒಂದೇ ವಾಸನೆ ಹಿಡಿದು ಕೂತರೆ ಮೂಗಿಗೆ ಅದು ಗೊತ್ತಾಗುವುದೇ ನಿಂತುಹೋಗುತ್ತದೆ. ದನದ ಕೊಟ್ಟಿಗೆಗೆ ಹೋದ ಸ್ವಲ್ಪ ಹೊತ್ತಿಗೆ ಸೆಗಣಿ ವಾಸನೆ ಮರೆತುಹೋಗುತ್ತದಲ್ಲ, ಹಾಗೆ. ಆಗ ಹೊರಗೆ ಬಂದು ನಾಲ್ಕು ಹೆಜ್ಜೆ ಓಡಾಡಿ.

ಎರಡೂ ಎಣ್ಣೆಯನ್ನು ಒಂದೇ ದಿನ ಮೂಸಬೇಡಿ. ಹುಲ್ಲಿನ ಎಣ್ಣೆಯಲ್ಲಿ ಜಾಸ್ತಿ ಇರುವುದು ನಿಂಬೆ ವಾಸನೆ ಕೊಡುವ ಸಿಟ್ರಾಲ್, ಅದು ಎದ್ದು ಬಂದು ಹೊಡೆಯುತ್ತದೆ. ಗಂಧಕ್ಕೆ ಪರಿಮಳ ಕೊಡುವ ಸ್ಯಾಂಟಲಾಲ್ ಭಾರ, ಮೆಲ್ಲಗೆ ಏಳುತ್ತದೆ. ಗಂಧದ ಪಟ್ಟಿಯನ್ನು ಬೆಳಿಗ್ಗೆ ಇಟ್ಟು ಮಧ್ಯಾಹ್ನ ಒಂದು ಸಲ, ಮರುದಿನ ಇನ್ನೊಂದು ಸಲ ಮೂಸಿ. ನಿಮ್ಮೂರಿನಲ್ಲೇ ಗುಡಿಗಾರರು ಗಂಧ ಕೆತ್ತುತ್ತಾರೆ. ಹೊಸ ಚಕ್ಕೆಯ ಪರಿಮಳ ಮೊದಲು ನೋಡಿಕೊಂಡು ಬನ್ನಿ, ಎಣ್ಣೆಯಲ್ಲಿ ಏನನ್ನು ಹುಡುಕಬೇಕು ಅಂತ ಆಗ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ ಸೀಸೆಯನ್ನು ಕಪಾಟಿನಲ್ಲಿಟ್ಟು ಒಂದು ತಿಂಗಳು ಗಿಡಗಳನ್ನೇ ಮೂಸಿ. ಮಜ್ಜಿಗೆ ಹುಲ್ಲು ಸುಮ್ನೆ ನಿಂತಿದ್ದರೆ ಅಷ್ಟಾಗಿ ಘಮ ಇಲ್ಲ, ಎಲೆಯೊಳಗಿನ ಎಣ್ಣೆ ಹೊರಗೆ ಬರಬೇಕಾದರೆ ಅದನ್ನು ಉಜ್ಜಬೇಕು. ಉಜ್ಜಿದ ಕೂಡಲೇ ಬರುವುದು ನಿಂಬೆ, ಆಮೇಲೆ ಹಸಿ ಹುಲ್ಲು, ಬೆರಳು ಒಣಗಿದ ಮೇಲೆ ಉಳಿಯುವುದೇ ಬೇರೆ. ಏಲಕ್ಕಿಯ ಸಿಪ್ಪೆ ಬೇರೆ ಮೂಸಿ, ಕಾಳು ಬೇರೆ ಜಜ್ಜಿ ಮೂಸಿ. ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆ ಮೂಸಿ (ಮುಖಕ್ಕೆ ತಾಗಿಸಬೇಡಿ, ಸುಡುತ್ತದೆ). ಒಣಗಿದ ಸುರಗಿ ಹೂವನ್ನೂ ಬಿಡಬೇಡಿ. ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಅನ್ನುವುದನ್ನು ಬಿಟ್ಟು, ತಣ್ಣಗಿದೆಯಾ, ಒಗರಾ, ಚೂಪಾ, ಏನು ನೆನಪಾಯಿತು ಅಂತ ಬರೆದುಕೊಳ್ಳಿ. ವಾಸನೆಯ ಸುದ್ದಿ ಮಿದುಳಿನಲ್ಲಿ ನೆನಪು, ಭಾವನೆಗಳ ಜಾಗಕ್ಕೆ ಬಹಳ ಹತ್ತಿರದ ದಾರಿಯಲ್ಲೇ ಹೋಗುತ್ತದೆ. ನನಗೆ ಅಡಿಕೆ ಹಿಂಗಾರದ ಘಮ ಬಂದರೆ ಈಗಲೂ ನಾಗರಪಂಚಮಿಯ ಬೆಳಿಗ್ಗೆ, ಒದ್ದೆ ಕಟ್ಟೆ, ಅಜ್ಜಿಯ ಕೈ ಎಲ್ಲ ಒಟ್ಟಿಗೆ ಬರುತ್ತದೆ.

ಪ್ರಶ್ನೆ (ಹೊಸನಗರದಿಂದ): ಕೋವಿಡ್ ಆದಾಗಿನಿಂದ ಅಮ್ಮನಿಗೆ ಒಗ್ಗರಣೆ ವಾಸನೆಯೂ ಗೊತ್ತಾಗಲ್ಲ. ಹೀಗೆ ಮೂಸಿದರೆ ಅವರಿಗೂ ಉಪಯೋಗ ಇದೆಯಾ?

ಉತ್ತರ: ಮೊದಲು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ, ನಾನು ಡಾಕ್ಟರಲ್ಲ. ಮೂಗಿಗೆ ಅಭ್ಯಾಸ ಮಾಡಿಸುವ ಒಂದು ವಿಧಾನ ಇದೆ, ಅದನ್ನೂ ಅವರಲ್ಲೇ ಕೇಳಿ. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ಬೆಳಿಗ್ಗೆ ಸಂಜೆ, 12 ವಾರ ಮೂಸಿಸಿದರು. ಕೆಲವರಿಗೆ ಸುಧಾರಿಸಿತು, ಎಲ್ಲರಿಗೂ ಅಲ್ಲ. ಅಮ್ಮನಿಗೆ ಏನೂ ಗೊತ್ತಾಗದ ದಿನವೂ ಪಕ್ಕದಲ್ಲಿ ಕೂತು, ಇದು ಲವಂಗ, ನೆನಪು ಮಾಡಿಕೋ ಅಂತ ಹೇಳಿ. ವಾಸನೆ ಗೊತ್ತಾಗುವವರೆಗೆ ಗ್ಯಾಸ್ ಸೋರಿದರೆ ಅವರಿಗೆ ತಿಳಿಯುವುದಿಲ್ಲ, ರಾತ್ರಿ ರೆಗ್ಯುಲೇಟರ್ ನೀವೇ ಆಫ್ ಮಾಡಿ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಮಗುವಿಗೆ ಒಂದೂವರೆ ವರ್ಷ. ಶೀತಕ್ಕೆ ನೀಲಗಿರಿ ಎಣ್ಣೆ ಮೂಗಿನ ಹತ್ತಿರ ಹಚ್ಚಬಹುದಾ?

ಉತ್ತರ: ಬೇಡವೇ ಬೇಡ. ಅಷ್ಟು ಚಿಕ್ಕ ಮಕ್ಕಳಿಗೆ ಅದರಿಂದ ಉಸಿರಾಟಕ್ಕೇ ತೊಂದರೆ ಆಗಬಹುದು. ನೀಲಗಿರಿ ಎಣ್ಣೆಯಾಗಲಿ ಕರ್ಪೂರವಾಗಲಿ ಹೊಟ್ಟೆಗೆ ಹೋದರೆ ಫಿಟ್ಸ್ ಬರುವುದೂ ಇದೆ. ಸೀಸೆ ಎತ್ತರದಲ್ಲಿಡಿ. ದೊಡ್ಡವರೂ ಚರ್ಮಕ್ಕೆ ಈ ಎಣ್ಣೆಯನ್ನು ನೇರವಾಗಿ ಹಚ್ಚಬಾರದು, ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ ಬೆರೆಸಿ ಹಚ್ಚಬೇಕು.