ಪಂಚಾಯ್ತಿ ಲೆಕ್ಕ ಕೇಳಿದರೆ ‘ಕರ್ತವ್ಯಕ್ಕೆ ಅಡ್ಡಿ’ ಕೇಸ್ ಹಾಕಬಹುದಾ?

ನಾಲೆಬಯಲು:
ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ವಿಷಯ. ಹದಿನೈದನೇ ಹಣಕಾಸು ಅನುದಾನದಲ್ಲಿ ಹಾಕಿದ ಸಿಸಿ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತು ಬಂದಿದೆ. ಬಿಲ್ ಎಷ್ಟಾಗಿದೆ ಅಂತ ಕೇಳಿದರೆ ಬರೆದುಕೊಡಿ ಅಂತಾರೆ, ಬರೆದುಕೊಟ್ಟರೆ ಸ್ವೀಕೃತಿ ಕೊಡಲ್ಲ. ಗ್ರಾಮಸಭೆಯಲ್ಲಿ ಎದ್ದು ಕೇಳಿದರೆ ಕರ್ತವ್ಯಕ್ಕೆ ಅಡ್ಡಿ ಅಂತ ಕೇಸ್ ಹಾಕ್ತೀವಿ ಅನ್ನೋ ಮಾತೂ ಬಂದಿದೆ. ಊರಿನ ವಾಟ್ಸಾಪ್ ಗ್ರೂಪಿಗೆ ರಸ್ತೆ ಫೋಟೊ ಹಾಕಿದ ಹುಡುಗನಿಗೆ ಠಾಣೆಯಿಂದ ಫೋನ್ ಮಾಡಿ ‘ಒಂದ್ಸಲ ಬಂದು ಹೋಗಪ್ಪ’ ಅಂದಿದ್ದಾರೆ. ಲೆಕ್ಕ ತೆಗೆಸೋದು ಹೇಗೆ? ಕೇಸಿನ ಬೆದರಿಕೆಯಲ್ಲಿ ಎಷ್ಟು ಹುರುಳಿದೆ? ತಿಳಿದವರು ಹೇಳಿ.

ಅಳತೆಪುಸ್ತಕ:
ಅರ್ಜಿ ಬರೆಯೋದಕ್ಕಿಂತ ಮುಂಚೆ ಇ-ಗ್ರಾಮ್ ಸ್ವರಾಜ್ ಪೋರ್ಟಲ್ ನೋಡಿ. ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿಕೊಂಡರೆ ಕ್ರಿಯಾ ಯೋಜನೆಯೂ ಪಾವತಿ ವಿವರವೂ ಸಿಗುತ್ತೆ. ಕಾಮಗಾರಿಯ ಹೆಸರು ಅಲ್ಲಿ ಹೇಗಿದೆಯೋ ಹಾಗೇ ಬರೆದುಕೊಳ್ಳಿ, ಒಂದಕ್ಷರವೂ ಬದಲಾಗಬಾರದು. ದಾಖಲೆಯಲ್ಲಿ ಅದು ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ ಸಿಸಿ ರಸ್ತೆ’ ಅಂತಿರುತ್ತೆ. ನೀವು ‘ನಮ್ಮ ಬೀದಿ ರಸ್ತೆ’ ಅಂತ ಬರೆದರೆ ‘ಸದರಿ ಕಾಮಗಾರಿ ಕಂಡುಬಂದಿರುವುದಿಲ್ಲ’ ಅಂತ ಹಿಂಬರಹ ಬರುತ್ತೆ. ಹೆಚ್ಚಿನ ಅರ್ಜಿಗಳು ಮುಗ್ಗರಿಸೋದು ಇಲ್ಲೇ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ, ನಮೂನೆ ‘ಎ’. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಪ್ರತಿ ಲಗತ್ತಿಸಿದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ರಸ್ತೆ ಯಾಕೆ ಕಿತ್ತುಹೋಯಿತು’ ಅಂತ ಕೇಳಬೇಡಿ, ಯಾಕೆ ಅನ್ನೋದಕ್ಕೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. ಕಾಗದ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದಲ್ಲಿ (ಎಂಜಿನಿಯರ್ ಕೆಲಸ ಅಳೆದು ಬರೆಯುವ ಪುಸ್ತಕ) ಆ ಕಾಮಗಾರಿಯ ಪುಟಗಳು, ಬಿಲ್, ವೋಚರ್, ಗುಣಮಟ್ಟ ಪರೀಕ್ಷೆಯ ವರದಿ. ಯಾತಕ್ಕೆ ಬೇಕು ಅಂತ ಯಾರಾದರೂ ಕೇಳಿದರೆ, ಕಾರಣ ಹೇಳಬೇಕಿಲ್ಲ ಅಂತ ಕಲಂ 6(2) ಸ್ಪಷ್ಟವಾಗಿ ಹೇಳುತ್ತೆ.

ಸ್ವೀಕೃತಿ ಕೊಡದಿದ್ದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಮಾಡಿ. 30 ದಿನ ಮೀರಿದರೆ ಆಮೇಲೆ ಕೊಡುವ ಪ್ರತಿಗಳಿಗೆ ದುಡ್ಡು ಕೇಳುವಂತಿಲ್ಲ, ಕಲಂ 7(6). ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗಲಿಲ್ಲ ಅಂದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಈ ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಗಡುವು ದಾಟಿ ಸತ್ತುಹೋಗುವ ಅರ್ಜಿಗಳೇ ಜಾಸ್ತಿ.

ಕಾಗದ ಕೈಗೆ ಬಂದ ಮೇಲೆ ಟೇಪು ಹಿಡಿಯಿರಿ. ಉದಾಹರಣೆಗೆ ಅಳತೆ ಪುಸ್ತಕದಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 0.15 ಮೀಟರ್ ದಪ್ಪ ಅಂತಿದ್ದರೆ 45 ಘನ ಮೀಟರ್ ಕಾಂಕ್ರೀಟ್‌ಗೆ ಬಿಲ್ ಆಗಿದೆ. ದಪ್ಪ 10 ಸೆಂಟಿಮೀಟರ್ ಮಾತ್ರ ಇದ್ದರೆ ಬಿದ್ದಿರೋದು 30 ಘನ ಮೀಟರ್, ಮೂರನೇ ಒಂದು ಭಾಗ ಮಾಯ. ರಸ್ತೆ ಅಂಚಿನಲ್ಲಿ ಅಳೆದು ಮೋಸಹೋಗಬೇಡಿ. ಅಂಚಿಗೆ ಹಲಗೆ ಕಟ್ಟಿ ದಪ್ಪ ತೋರಿಸಿ, ನಡುವೆ ತೆಳು ಮಾಡೋದುಂಟು. ಜಲಜೀವನ್ ಮಿಷನ್ ಪೈಪಿಗಾಗಿ ರಸ್ತೆ ಕೊಯ್ದ ಕಡೆ ನಡುಭಾಗದ ದಪ್ಪ ಕಣ್ಣಿಗೇ ಕಾಣುತ್ತೆ. ಅಲ್ಲಿ ಟೇಪು ಇಟ್ಟು, ಅಂಕಿ ಓದುವ ಹಾಗೆ ಫೋಟೊ ತೆಗೆಯಿರಿ, ಮೂರು ನಾಲ್ಕು ಕಡೆ. ಕಾಮಗಾರಿ ಪರಿಶೀಲಿಸಿ ದೃಢೀಕೃತ ಮಾದರಿ ಪಡೆಯೋದೂ ಕಲಂ 2(ಜೆ) ಪ್ರಕಾರ ನಿಮ್ಮ ಹಕ್ಕು.

ಕಲಂ_ಹತ್ತೊಂಬತ್ತು (ಮೈಸೂರು):
ಕೇಸಿನ ಬೆದರಿಕೆ ಬಗ್ಗೆ ನಾನು ಹೇಳ್ತೀನಿ. ಹೆದರಿಸೋಕೆ ಬಳಸೋದು ಭಾರತೀಯ ನ್ಯಾಯ ಸಂಹಿತೆಯ ಕಲಂ 132, ಹಳೇ ಐಪಿಸಿ 353. ಜಾಮೀನು ರಹಿತ, ಎರಡು ವರ್ಷದವರೆಗೆ ಶಿಕ್ಷೆ. ಆದರೆ ಅದು ನಿಲ್ಲಬೇಕಾದರೆ ಹಲ್ಲೆ ಅಥವಾ ಬಲಪ್ರಯೋಗ ಆಗಿರಬೇಕು. ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳೋದು ಎರಡೂ ಅಲ್ಲ. ಬರೀ ಅಡ್ಡಿಪಡಿಸಿದ್ದಕ್ಕೆ ಇರೋದು ಕಲಂ 221, ಗರಿಷ್ಠ ಮೂರು ತಿಂಗಳು. ಅದನ್ನು ಕೋರ್ಟ್ ಕೈಗೆತ್ತಿಕೊಳ್ಳೋಕೆ ಆ ಅಧಿಕಾರಿಯೋ ಮೇಲಧಿಕಾರಿಯೋ ಲಿಖಿತ ದೂರು ಕೊಡಬೇಕು.

ಹಾಗಾಗಿ ಅವಕಾಶ ನೀವೇ ಮಾಡಿಕೊಡಬೇಡಿ. ಫೈಲು ಕಿತ್ತುಕೊಳ್ಳೋದು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ದಾರಿಗೆ ಅಡ್ಡ ನಿಲ್ಲೋದು, ಮೇಜು ಕುಟ್ಟೋದು ಬೇಡ. ನಮ್ಮ ಕಡೆ ರೂಢಿ ಇರುವ ಪಂಚಾಯ್ತಿಗೆ ಬೀಗ ಜಡಿಯೋ ಚಳವಳಿಯಂತೂ ಬೇಡವೇ ಬೇಡ. ನ್ಯಾಯವಾದ ಪ್ರಶ್ನೆ ಕೇಳಿದವರು ಆರೋಪಿಗಳಾಗೋದು ಆ ಬೀಗದಿಂದಲೇ. ಗ್ರಾಮಸಭೆ ಬಹಿರಂಗ ಸಭೆ, ಕೂತ ಜಾಗದಿಂದಲೇ ವಿಡಿಯೊ ಮಾಡಿ. ಬೆದರಿಕೆ ಸುಳ್ಳು ಅನ್ನೋದಕ್ಕೆ ಅದೇ ಸಾಕ್ಷಿ.

ಆ ಹುಡುಗನಿಗೆ ಹೇಳಿ: ಫೋನಿನಲ್ಲಿ ಕರೆದರೆ ಹೋಗಲೇಬೇಕು ಅಂತಿಲ್ಲ. ಸಾಕ್ಷಿಯಾಗಿ ಕರೆಯೋದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಕಲಂ 179ರಡಿ, ಆರೋಪಿಯಾಗಿ ಆದರೆ 35(3)ರಡಿ ಲಿಖಿತ ನೋಟಿಸ್ ಬೇಕು. 35ನೇ ಕಲಮಿನ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ‘ನೋಟಿಸ್ ಕೊಡಿ ಸಾರ್, ಖಂಡಿತ ಬರ್ತೀನಿ’ ಅಂತ ವಿನಯವಾಗಿ ಹೇಳಲಿ. ನೋಟಿಸ್ ಬಂದ ಮೇಲೆ ತಪ್ಪಿಸಿಕೊಳ್ಳಬಾರದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಲಿ. ಖಾಲಿ ಹಾಳೆಗೆ ಸಹಿ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೂ ಸಹಿ ಬೇಕಿಲ್ಲ, ಕಲಂ 181.

ಪೋಸ್ಟಿನ ಮೇಲೆ ಐಟಿ ಕಾಯ್ದೆ 66ಎ ಅಂತ ಯಾರಾದರೂ ಅಂದರೆ, ಅದನ್ನು 2015ರ ಮಾರ್ಚ್ 24ರಂದೇ ಸುಪ್ರೀಂ ಕೋರ್ಟ್ ರದ್ದು ಮಾಡಿದೆ. ಆದರೂ ಬರೆಯುವಾಗ ‘ಕಳ್ಳರು’ ಅನ್ನಬೇಡಿ. ‘ಬಿಲ್ಲಿನಲ್ಲಿ 15 ಸೆಂ.ಮೀ., ಟೇಪಿನಲ್ಲಿ 10’ ಅಂತ ಬರೆಯಿರಿ. ಬೈಗುಳಕ್ಕಿಂತ ಅದಕ್ಕೇ ತೂಕ ಹೆಚ್ಚು.

ನಾಲೆಬಯಲು:
ತುಂಬಾ ಉಪಕಾರ ಆಯ್ತು. ಇನ್ನೆರಡು ಸಂಶಯ. ‘ಇದು ಗುತ್ತಿಗೆದಾರರ ವೈಯಕ್ತಿಕ ಮಾಹಿತಿ’ ಅಂತ ಅರ್ಜಿ ತಿರಸ್ಕರಿಸಿದರೆ? ಮತ್ತೆ ಪಂಚಾಯ್ತಿ ಮುಂದೆ ಧರಣಿ ಕೂತರೆ ನಿಷೇಧಾಜ್ಞೆ ಇದೆ ಅಂತಾರೆ.

ಮದ್ದೂರುಸೀಮೆ:
ವೈಯಕ್ತಿಕ ಮಾಹಿತಿ ಅನ್ನೋ ಉತ್ತರ ಇನ್ನು ಮುಂದೆ ಜಾಸ್ತಿನೇ ಬರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಿಂದ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ ಅನ್ನೋ ಕಲಂ, ತಿದ್ದುಪಡಿಯಾಗಿ, 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಅಲ್ಲೇ ಇದ್ದ ಸಾರ್ವಜನಿಕ ಹಿತಾಸಕ್ತಿಯ ವಿನಾಯಿತಿ ಹೋಯಿತು, ಇದು ನಿಜಕ್ಕೂ ದೊಡ್ಡ ನಷ್ಟ. ಆದರೆ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನೋ ಕಲಂ 8(2) ಹಾಗೇ ಉಳಿದಿದೆ. ‘ಸಾರ್ವಜನಿಕ ಹಣದ ಕಾಮಗಾರಿ, 8(2)ರಡಿ ಕೊಡಿ, ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಇದ್ದರೆ ಕಲಂ 10ರಂತೆ ಮುಚ್ಚಿ ಉಳಿದದ್ದು ಕೊಡಿ’ ಅಂತ ಅರ್ಜಿಯಲ್ಲೇ ಸೇರಿಸಿಬಿಡಿ. ನೀವೂ ಅಷ್ಟೇ, ಫಲಾನುಭವಿಗಳ ಪಟ್ಟಿ, ಕೂಲಿಕಾರರ ಹೆಸರು ಗ್ರೂಪಿಗೆ ಹಾಕಬೇಡಿ. ಲೆಕ್ಕ ಕೊಡಬೇಕಾದ್ದು ಪಂಚಾಯ್ತಿ, ಕೂಲಿಯವರಲ್ಲ.

ನಿಷೇಧಾಜ್ಞೆ ಅಂದರೆ ಆದೇಶದ ಪ್ರತಿ ಕೇಳಿ. ಹಳೇ 144 ಈಗ ಬಿಎನ್‌ಎಸ್‌ಎಸ್ ಕಲಂ 163. ಆದೇಶ ಬರವಣಿಗೆಯಲ್ಲಿರಬೇಕು, ಕಾರಣ ಇರಬೇಕು, ಎರಡು ತಿಂಗಳು ಮೀರುವಂತಿಲ್ಲ. ಅದಕ್ಕಿಂತ ಮುಂದುವರಿಸೋಕೆ ರಾಜ್ಯ ಸರ್ಕಾರವೇ ಆದೇಶ ಮಾಡಬೇಕು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ 144 ಆದೇಶ ಕಾನೂನುಬಾಹಿರ ಅಂತ ನಮ್ಮ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. 1938ರಲ್ಲಿ ಶಿವಪುರದಲ್ಲಿ ನಿಷೇಧಾಜ್ಞೆ ಇದ್ದರೂ ಧ್ವಜ ಏರಿಸಿದ ಜಿಲ್ಲೆ ನಮ್ಮದು, ಬಾಯಿಮಾತಿನ ಆದೇಶಕ್ಕೆ ಎದ್ದುಹೋಗಬೇಕಾಗಿಲ್ಲ. ಹಾಗಂತ ರಸ್ತೆ ತಡೆಯಬೇಡಿ. ಮೊದಲೇ ಠಾಣೆಗೆ ದಿನ, ಹೊತ್ತು, ಜಾಗ ಬರೆದು ತಿಳಿಸಿ. ಮೈಕಿಗೆ ಬೇರೆಯೇ ಅನುಮತಿ ಬೇಕು.

ನನ್ನ ಕೇಳಿದರೆ ಧರಣಿಗಿಂತ ಜಮಾಬಂದಿ ಮೇಲು. 2004ರ ನಿಯಮದಂತೆ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿಯ ದಾಖಲೆಗಳನ್ನೂ ಕಾಮಗಾರಿಗಳನ್ನೂ ಜನರ ಮುಂದೆ ಪರಿಶೀಲಿಸಬೇಕು. ಬಹಳ ಊರುಗಳಲ್ಲಿ ಒಂದು ಮಧ್ಯಾಹ್ನ ಕಾಫಿ ಕುಡಿದು ಸಹಿ ಹಾಕಿ ಮುಗಿಸೋದು ಜನ ಹೋಗದೇ ಇರೋದರಿಂದ. ದಿನಾಂಕ ಯಾವಾಗ ಅಂತ ಜುಲೈನಲ್ಲೇ ತಾಲ್ಲೂಕು ಪಂಚಾಯ್ತಿಯ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಬರೆದು ಕೇಳಿ. ಆ ದಿನ ಬೀದಿಯ ಹತ್ತು ಜನ ಹೋಗಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ. ಅಳತೆ ಪುಸ್ತಕದ ಪ್ರತಿ, ಟೇಪು ನಿಮ್ಮ ಕೈಲಿರಲಿ. ಜಮಾಬಂದಿಗೆ ಬಂದ ತಂಡವನ್ನು ಪೈಪಿಗೆ ಕೊಯ್ದ ಜಾಗಕ್ಕೇ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಅಳೆಸಿ, ಆ ಅಂಕಿ ನಡವಳಿಯಲ್ಲಿ ಬರೆಯೋ ತನಕ ಅಲ್ಲೇ ಇರಿ.