ಸಮಸ್ಯೆ: ‘ಗುಡಿಯೊಂದು ಕುಸಿಯೆ ನಿಜವದು ಮೇಲೆದ್ದುದಲಾ’

ಸೇಡಂ ಅಕ್ಕ: ಈ ವಾರದ ಸಾಲು ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ಮೊದಲ ಮೂರು ಸಾಲು ನೀವು ಕಟ್ಟಬೇಕು. ನಾಲ್ಕು ಸಾಲಿನ ಕಂದ ಛಂದಸ್ಸಿನಲ್ಲೇ ಬರಲಿ. ಹೋದ ಸಲದ ಹಾಗೆ ಭಾಮಿನಿ ಷಟ್ಪದಿಯಲ್ಲಿ ಬರೆದು ವಾದಕ್ಕೆ ನಿಲ್ಲಬೇಡಿ.

ಬೀದರ ಮಾಸ್ತರ್:

ಪಡೆದೋದಿನ ಬಿಂಕದೊಳೇ
ಕಡೆದಿಟ್ಟೆನು ಬಲ್ಲೆನೆಂಬ ಗರ್ವದ ಗುಡಿಯಂ
ಹುಡುಗಿಯದೊಂದೇ ಮಾತಿಗೆ
ಗುಡಿಯೊಂದು ಕುಸಿಯೆ ನಿಜವದು ಮೇಲೆದ್ದುದಲಾ

ಕ್ಲಾಸಿನಲ್ಲಿ ನಡೆದದ್ದೇ ಇದು. ‘ಸರ್, ಸೊನ್ನೆಯಿಂದ ಯಾಕೆ ಭಾಗಿಸಬಾರದು?’ ಅಂದಳು. ನಿಯಮ ಗೊತ್ತಿತ್ತು, ಕಾರಣ ಹೇಳಲು ಬರಲಿಲ್ಲ. ಅವತ್ತು ರಾತ್ರಿ ಕೂತು ಮತ್ತೆ ಓದಿದೆ.

ಸೇಡಂ ಅಕ್ಕ: ಚೆನ್ನಾಗಿದೆ ಮಾಸ್ತರ್.

ಭೀಮಾತೀರದವ: ನಮ್ಮ ಕಲಬುರಗಿ ಜಿಲ್ಲೆಯಲ್ಲಿ ನಿಜವಾಗಿ ಗುಡಿ ಕುಸಿದಿದೆ, ನೀವೆಲ್ಲ ಗರ್ವದ ಗುಡಿ ಯಾಕೆ ಹುಡುಕುತ್ತೀರಿ? 1986, ಸನ್ನತಿ. ಅಡಿಯಲ್ಲಿ ಅಶೋಕನ ಶಾಸನ ಸಿಕ್ಕಿತು.

ಅಡಿಪೀಠದ ಕಲ್ಲಾಗಿರೆ
ನುಡಿಗಳಶೋಕನವು ಕಾಳಿಯಮ್ಮನ ಕೆಳಗೇ
ಬಿಡಿಬಿಡಿಸುತೋದೆ ಬಲ್ಲರ್
ಗುಡಿಯೊಂದು ಕುಸಿಯೆ ನಿಜವದು ಮೇಲೆದ್ದುದಲಾ

ಬೀದರ ಮಾಸ್ತರ್: ‘ಅಡಿಪೀಠ’? ಅಡಿ ಕನ್ನಡ, ಪೀಠ ಸಂಸ್ಕೃತ. ಮೊದಲ ಪದವೇ ಅರಿಸಮಾಸ, ಎರಡು ಭಾಷೆಯ ಪದ ಬೆಸೆದ ದೋಷ.

ಭೀಮಾತೀರದವ: ‘ಮಳೆಗಾಲ’ ಅಂತ ನೀವೂ ಅಂತೀರಿ ಅಲ್ವಾ? ಅಲ್ಲಿ ಕಾಲ ಯಾವ ಭಾಷೆದು?

ಬೀದರ ಮಾಸ್ತರ್: ಅದು ಜನರ ಬಾಯಲ್ಲಿ ಸವೆದು ಒಂದಾಗಿದೆ. ಇದನ್ನು ನೀವು ಛಂದಸ್ಸಿನ ಮಾತ್ರೆ ತುಂಬಿಸಲು ತಂದಿದ್ದೀರಿ. ಹೀಗೆ ಬೆಸೆಯುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ಅಂತ ಕವಿರಾಜಮಾರ್ಗ 9ನೇ ಶತಮಾನದಲ್ಲೇ ಹೇಳಿದೆ. ಅದು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಿಮ್ಮದೇ ಜಿಲ್ಲೆ, ನಮ್ಮದಲ್ಲ.

ಭೀಮಾತೀರದವ: ಮೂರು ವರ್ಷದಿಂದ ನನ್ನ ಪದ್ಯಕ್ಕೆ ಮಾತ್ರ ನಿಮಗೆ ಈ ಹಾಲು ಮಜ್ಜಿಗೆ ನೆನಪಾಗುತ್ತದೆ.

ಶಹಾಪುರದ ಹುಡುಗ: ನಡುವೆ ಒಂದು ಮಾತು ಅಣ್ಣಾ. ಸನ್ನತಿ ಬರಹದಲ್ಲಿ ‘ಅಶೋಕ’ ಅನ್ನೋ ಹೆಸರೇ ಇಲ್ಲ. ಎರಡನೇ ಸಾಲು ಹೇಗೆ ನಿಲ್ಲುತ್ತದೆ?

ಭೀಮಾತೀರದವ: ನನ್ನ ಮೂರನೇ ಸಾಲು ಇರೋದೇ ಅದಕ್ಕೆ ತಮ್ಮಾ. ಚಂದ್ರಲಾಂಬಾ ಗುಡಿ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಬಿತ್ತು, ಮೂರ್ತಿ ಒಡೆಯಿತು, ಪೀಠದ ಕೆಳಗೆ ಬ್ರಾಹ್ಮಿ ಅಕ್ಷರದ ಕಲ್ಲು ಕಂಡಿತು. ಪೀಠ ಕೂರಿಸಲು ನಡುವೆ ಚೌಕ ತೂತು ಕೊರೆದಿದ್ದಾರೆ, ಅಲ್ಲಿದ್ದ ಅಕ್ಷರ ಹೋಗಿವೆ. ಸುಮ್ನೆ ಕಲ್ಲು ಸಿಕ್ಕರೆ ಏನು ಗೊತ್ತಾಗುತ್ತಿತ್ತು? 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಪ್ರಿನ್ಸೆಪ್ ಬ್ರಾಹ್ಮಿ ಓದಿದ್ದ. ಇಂಥ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ 1915ರಲ್ಲಿ ಮಸ್ಕಿ ಶಾಸನ ಗಟ್ಟಿ ಮಾಡಿತು. ಇಷ್ಟೆಲ್ಲ ಮೊದಲೇ ಗೊತ್ತಿದ್ದವರು ಇದ್ದರು, ಅದಕ್ಕೇ ಸನ್ನತಿ ಕಲ್ಲು ಮಾತಾಡಿತು.

ಶಹಾಪುರದ ಹುಡುಗ: ಪಕ್ಕದ ಕನಗನಹಳ್ಳಿಯಲ್ಲಿ ‘ರಾಯೋ ಅಸೋಕೋ’ (ರಾಜ ಅಶೋಕ) ಅಂತ ಬರೆದ ಶಿಲ್ಪವೇ ಸಿಕ್ಕಿದೆ. ಅದನ್ನೂ ಸೇರಿಸಬಹುದಿತ್ತು.

ಭೀಮಾತೀರದವ: ಕಂದದಲ್ಲಿ ಎಷ್ಟು ಹಿಡಿಯುತ್ತದೆ ಮಾರಾಯಾ.

ಸೇಡಂ ಅಕ್ಕ: ಅದೆಲ್ಲ ಸರಿ. ‘ಅಡಿಪೀಠ’ದ ಕಥೆ?

ಭೀಮಾತೀರದವ: ನಿದ್ದೆಗೆಟ್ಟು ತಿದ್ದಿದೆ. ಮಾಸ್ತರ್ ನೋಡಲಿ.

ಅಡಿಗಲ್ಲಾಗೊರಗಿರ್ದುವು
ನುಡಿಗಳಶೋಕನವು ಕಾಳಿಯಮ್ಮನ ಕೆಳಗೇ

ಮುಂದಿನೆರಡು ಸಾಲು ಹಾಗೇ ಇರಲಿ.

ಬೀದರ ಮಾಸ್ತರ್: ಇದು ಮೊದಲಿಗಿಂತ ಎಷ್ಟೋ ಮೇಲು. ಮನಸಾರೆ ಹೇಳುತ್ತಿದ್ದೇನೆ. ಆದರೆ ‘ಒರಗಿರ್ದುವು’... ಕಲ್ಲು ಒರಗುತ್ತದೆ, ನುಡಿ ಒರಗುತ್ತದಾ?

ಭೀಮಾತೀರದವ: ಅಕ್ಕಾ, ನೀವೇ ಹೇಳಿ.

ಸೇಡಂ ಅಕ್ಕ: ನಾನು ರೊಟ್ಟಿ ಬಡಿಯಲು ಹೊರಟೆ. ಮುಂದಿನ ಸಾಲು ಶಹಾಪುರದ ಹುಡುಗ ಕೊಡಲಿ.